ಒಂದೇ ಮನೆಯ ರಕ್ತ

ಕಂಡಕ್ಟರು ಶಿವಾನಿಯ ಕಡೆ ಒಮ್ಮೆ ನೋಡಿ, "ಲಹಾನ್ ಆಹೆ, ತಿಕೀಟ ನಕೋ" ಎಂದು ಮರಾಠಿಯಲ್ಲಿ ಹೇಳಿ ಹಿಂದಿನ ಸೀಟಿಗೆ ಸರಿದುಬಿಟ್ಟ. ಚಿಕ್ಕ ಕೂಸು, ಟಿಕೆಟ್ ಬೇಡ. ಉಜ್ವಲಾ ಚಾಚಿದ ನೋಟು ಚಾಚಿದಂತೆಯೇ ಉಳಿಯಿತು. ಸುಮ್ಮನಿದ್ದುಬಿಡಬಹುದಿತ್ತು. ಪಕ್ಕದಲ್ಲಿ ಕಿಟಕಿಗೆ ಆತು ಕೂತಿದ್ದ ಅಜ್ಜಿ ರಂಭಾಬಾಯಿ ಆಗಲೇ ಅವಳ ಮೊಣಕೈ ಹಿಡಿದು ಕೆಳಗೆ ಜಗ್ಗುತ್ತಿದ್ದಳು. ಆದರೆ ತೊಡೆಯ ಮೇಲಿದ್ದ ಮಗಳ ಬೆನ್ನು ಬಿಗಿಯಾದದ್ದು ಉಜ್ವಲಾಳ ಎದೆಗೆ ತಿಳಿಯಿತು. ಅವಳು ಕಂಡಕ್ಟರನ್ನು ಮತ್ತೆ ಕರೆದು, ಹುಡುಗಿಗೆ ಹನ್ನೊಂದು ವರ್ಷ, ಅರ್ಧ ಟಿಕೆಟ್ ಕೊಡಿ ಎಂದಳು. ಹನ್ನೊಂದೇ ಎಂದು ಅವನು ಬಸ್ಸಿಗೆಲ್ಲ ಕೇಳುವಂತೆ ಕೇಳಿದ. ಮುಂದಿನ ಸೀಟಿನ ಮುದುಕ ಪೂರ್ತಿ ತಿರುಗಿ ಕೂತು ಶಿವಾನಿಯ ಮುಖವನ್ನು, ಬೆಚ್ಚನೆಯ ದಿನದಲ್ಲೂ ಕಿವಿಯ ತನಕ ಎಳೆದಿದ್ದ ಅವಳ ಉಣ್ಣೆಯ ಟೋಪಿಯನ್ನು, ಸೀಟಿನ ಅಂಚಿಗೂ ಮುಟ್ಟದೆ ತೂಗುತ್ತಿದ್ದ ಕಾಲುಗಳನ್ನು ಸಾವಕಾಶವಾಗಿ ನೋಡಿದ. "ಮೀ ಸಹಾವೀತ ಆಹೆ," ನಾನು ಆರನೆಯ ತರಗತಿ ಎಂದು ಶಿವಾನಿಯೇ ಹೇಳಿದಳು. ಕಂಡಕ್ಟರ ಮುಖ ಕೆಳಗೆ ಹಾಕಿ ಮಶೀನಿನಿಂದ ಟಿಕೆಟ್ ಹರಿದುಕೊಟ್ಟ. ಹಿಂದೆ ಯಾರೋ ಹೆಂಗಸು 'ಬಿಚಾರಿ', ಪಾಪ, ಎಂದದ್ದು ಬಸ್ಸು ಉದಗೀರದ ಸ್ಟ್ಯಾಂಡು ಬಿಟ್ಟು ತಿರುಗುವ ಸದ್ದಿನಲ್ಲೂ ಕೇಳಿತು.

"ಅಂವಾ ಬ್ಯಾಡ ಅಂದ ಮ್ಯಾಲ ನಿಂದೇನಿತ್ತ? ಊರಿಗೆಲ್ಲ ಸಾರಬೇಕಿತ್ತೇನ?" ಎಂದು ರಂಭಾಬಾಯಿ ಬೈದು, ಮರಿಮೊಮ್ಮಗಳ ಟೋಪಿಯನ್ನು ಇನ್ನೂ ಕೆಳಗೆ ಜಗ್ಗಿದಳು. ಮರಿಮೊಮ್ಮಗಳು ಎನ್ನಬೇಕೋ ಮೊಮ್ಮಗಳು ಎನ್ನಬೇಕೋ. ಉಜ್ವಲಾ ಈ ಮುದುಕಿಯ ಮಗಳ ಮಗಳು. ಕೈಹಿಡಿದದ್ದು ಮುದುಕಿಯ ಕೊನೆಯ ಮಗ ರೇವಣಪ್ಪನನ್ನು, ತನ್ನ ಸ್ವಂತ ಸೋದರಮಾವನನ್ನು. ಲಗ್ನವಾದ ದಿನ ಹೆಂಗಸರೆಲ್ಲ ನಗುತ್ತ, ಇನ್ನು ಮುಂದೆ ಆಯಿ ಅನ್ನಬ್ಯಾಡ, ಅತ್ತಿ ಅನ್ನು, ಅಂವಗ ಮಾಮಾ ಅನ್ನಬ್ಯಾಡ ಎಂದಿದ್ದರು. ಆಯಿ ಎಂಬ ಕರೆ ಬಿಡಲಾಗಲಿಲ್ಲ. ಅವನನ್ನು ಮಾತ್ರ ಅಂದಿನಿಂದ ಅವಳು ಏನೆಂದೂ ಕರೆದಿಲ್ಲ. ಮಾತಾಡಬೇಕಾದಾಗ ಅವನ ಎದುರಿಗೆ ಹೋಗಿ ನಿಲ್ಲುತ್ತಾಳೆ, ಅವನು ತಲೆ ಎತ್ತುವ ತನಕ ಕಾಯುತ್ತಾಳೆ. ಸಿಟ್ಟು ಬಂದರೆ ಓಡಿಹೋಗಲು ಬೇರೆ ಹೆಂಗಸರಿಗೆ ತವರುಮನೆ ಇರುತ್ತದೆ. ಅವಳಿಗೆ ಗಂಡನ ಮನೆಯ ಪಡಸಾಲೆಯಿಂದ ತವರಿನ ಅಡುಗೆಮನೆಗೆ ಹೋಗಲು ಒಂದು ಹೊಸ್ತಿಲು ದಾಟಿದರೆ ಸಾಕು, ಮತ್ತು ಅಲ್ಲಿ ಕೂತಿರುವವಳು ಅದೇ ಆಯಿ.

ಬಸ್ಸು ವಲಾಂಡಿ ದಾಟಿತು. ರಸ್ತೆಯ ಎರಡೂ ಕಡೆ ಬಿಳಿಜೋಳ ತೆನೆಗಟ್ಟಿ ನಿಂತಿತ್ತು. ಇವತ್ತು ಉಮರ್ಗಾದಲ್ಲಿ ಸಪ್ನಾಳ ಸಾಖರಪುಡಾ. ಸಕ್ಕರೆಯ ಪೊಟ್ಟಣ ಕೈಗಿಟ್ಟು, ಕುಂಕುಮ ಹಚ್ಚಿ, ಮಾತು ಗಟ್ಟಿ ಮಾಡುವ ದಿನ. ಸಪ್ನಾ ಉಜ್ವಲಾಳ ಬೆನ್ನಿಗೆ ಬಿದ್ದ ಒಬ್ಬಳೇ ತಂಗಿ. ಗಂಡು ರೇವಣಪ್ಪನ ಅಣ್ಣ ಕಾಶೆಪ್ಪನ ಮಗ ಧೀರಜ, ಉಮರ್ಗಾದಲ್ಲಿ ಅಪ್ಪನ ಬೀಜ ಗೊಬ್ಬರದ ದುಕಾನಿನಲ್ಲಿ ಕೂಡುತ್ತಾನೆ. ಹುಡುಗ ಒಳ್ಳೆಯವನು, ಸಪ್ನಾ ಫೋನಿನಲ್ಲಿ ಅವನೊಡನೆ ಮಾತಾಡಿ ಮುಗಿಸಿ ಒಳಗೆ ಬಂದರೆ ಮನೆಯ ದೀಪ ಏರಿಸಿದಂತೆ ಆಗುತ್ತಿತ್ತು. ರೇವಣಪ್ಪ ನಿನ್ನೆಯೇ ಸಪ್ನಾಳನ್ನೂ ಸಾಮಾನುಗಳನ್ನೂ ಬಾಡಿಗೆಯ ಜೀಪಿನಲ್ಲಿ ಹಾಕಿಕೊಂಡು ಹೋಗಿದ್ದ. ಹೊರಡುವ ಮುಂಚೆ, ಬಾಗಿಲಲ್ಲಿ ನಿಂತು, ಚಪ್ಪಲಿಯ ಕಡೆ ನೋಡುತ್ತ ಹೇಳಿದ: "ಅಲ್ಲಿ ಹೋಗಿ ಬಾಯಿ ಬಿಡಬ್ಯಾಡ. ಆ ಪೋರಿದು ಒಂದು ಹಾದಿಗೆ ಹತ್ತಲಿ. ನಮ್ಮ ಮನಿ ರಕ್ತದಾಗ ಹಿಂಗ ಅದ ಅಂತ ಒಬ್ಬರ ಕಿವಿಗಿ ಬಿದ್ದರ ಮುಗೀತು, ಇಲ್ಲೂ ಇಲ್ಲ, ಹೊರಗೂ ಇಲ್ಲ." ಅವಳು ಹೂಂ ಎಂದಿದ್ದಳೋ ಇಲ್ಲವೋ. ಅವನು ಉತ್ತರಕ್ಕಾಗಿ ಕಾದಿರಲಿಲ್ಲ.

ನಮ್ಮ ಮನಿ ರಕ್ತ. ಶಿವಾನಿಯನ್ನು ತೋರಿಸಲು ಹೋದ ಹೈದರಾಬಾದಿನ ದವಾಖಾನೆಯ ವಯಸ್ಸಾದ ಡಾಕ್ಟರಬಾಯಿ ಮಾತ್ರ ರಕ್ತದ ದೋಷ ಎನ್ನಲೇ ಇಲ್ಲ. ಆಕೆ ನಿಧಾನದ ಹಿಂದಿಯಲ್ಲಿ, ಟೇಬಲ್ಲಿನ ಮೇಲಿದ್ದ ಬಿಳಿ ದಾರದ ತುಂಡನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಮಾತಾಡಿದ್ದಳು. ಮೈಯ ಒಂದೊಂದು ಜೀವಕಣದಲ್ಲೂ ಎರಡೆಳೆಯ ಡಿಎನ್‌ಎ ಇದೆ, ಅದು ನಾವು ಕೂತಾಗ, ಉಂಡಾಗ, ಮಲಗಿದಾಗ ತುಂಡಾಗುತ್ತಲೇ ಇರುತ್ತದೆ, ಮೈ ಅದನ್ನು ಕೂಡಿಸಿಕೊಳ್ಳುತ್ತಲೇ ಇರುತ್ತದೆ. ಹಾಗೆ ಕೂಡಿಸುವ ಕಿಣ್ವಕ್ಕೆ ಲೈಗೇಸ್ ಅಂತ ಹೆಸರು. ಕೆಲವು ಬಗೆ ಇವೆ. ಎರಡೂ ಎಳೆ ಒಟ್ಟಿಗೇ ತುಂಡಾದಲ್ಲಿ ಬೆಸೆಯುವುದು ನಾಲ್ಕನೆಯದು. ನಿಮ್ಮ ಮಗಳಲ್ಲಿ ಆ ನಾಲ್ಕನೆಯದು ಸರಿಯಾಗಿ ಕೆಲಸ ಮಾಡುವುದಿಲ್ಲ, ಅದಕ್ಕೇ ತಲೆ ಬೆಳೆದಿಲ್ಲ, ಮೈ ಬೆಳೆದಿಲ್ಲ. ಕಾಯಿಲೆಯ ಜೊತೆ ಕಾದಾಡುವ ಕಣಗಳು ತಯಾರಾಗುವಾಗ ದೇಹ ತಾನಾಗಿಯೇ ಎಳೆ ಕತ್ತರಿಸಿ ಬೇರೆ ರೀತಿಯಲ್ಲಿ ಕೂಡಿಸುತ್ತದೆ. ಇವಳಲ್ಲಿ ಕತ್ತರಿಸುವುದು ಆಗುತ್ತದೆ, ಕೂಡುವುದು ಆಗುವುದಿಲ್ಲ, ಅದಕ್ಕೇ ಮೇಲಿಂದ ಮೇಲೆ ಜ್ವರ. ಪೂರ್ತಿ ಇಲ್ಲದಿದ್ದರೆ ಇವಳು ಹುಟ್ಟುತ್ತಲೇ ಇರಲಿಲ್ಲ, ಸ್ವಲ್ಪ ಇದೆ, ಆ ಸ್ವಲ್ಪದ ಮೇಲೆಯೇ ಇಷ್ಟು ದಿನ ನಡೆದಿದೆ. ಉಜ್ವಲಾಗೆ ಅಳು ಬರಬೇಕಿತ್ತು. ಬಂದದ್ದು ಉದಗೀರದ ಕಾಲೇಜಿನ ಪರೀಕ್ಷೆಯ ಕೋಣೆ. ಬಿ.ಎಸ್ಸಿ. ಎರಡನೆಯ ವರ್ಷ, ಎರಡು ಅಂಕದ ಪ್ರಶ್ನೆ, ಲೈಗೇಸಿನ ಕೆಲಸವೇನು. ಅವಳು ಬರೆದಿದ್ದಳು, ಪೂರ್ತಿ ಅಂಕ ಬಂದಿದ್ದವು.

ಅದೇ ಕಾಲೇಜಿನಲ್ಲಿ, ಅದೇ ವರ್ಷ, ಪ್ರಾಧ್ಯಾಪಕರು ಒಂದು ಮನೆತನದೊಳಗೇ ಲಗ್ನವಾದರೆ ಅಡಗಿದ ದೋಷಗಳು ಜೊತೆಯಾಗುವ ಸಂಭವ ಹೆಚ್ಚು ಎಂದು ಹೇಳಿ ಫಲಕದ ಮೇಲೆ ಚೌಕ ಗೀಚಿದಾಗ, ಹುಡುಗಿಯರ ಸಾಲು ಉಜ್ವಲಾಳ ಕಡೆ ತಿರುಗಿ ಕಿಸಕ್ಕೆಂದಿತ್ತು. ಅವಳಿಗೆ ಮಾಮಾನನ್ನೇ ಗೊತ್ತು ಮಾಡಿದ್ದು ಎಲ್ಲರಿಗೂ ಗೊತ್ತಿತ್ತು. ಅವಳೂ ನಕ್ಕಿದ್ದಳು. ಆ ಸಂಜೆ ಮನೆಗೆ ಹೋಗಿ, ಒಲೆಯ ಮುಂದೆ ಕೂತಿದ್ದ ಆಯಿಯ ಪಕ್ಕ ಕೂತು, ಬಾಯಿಗೆ ಬಂದ ಮಾತನ್ನು ರೊಟ್ಟಿಯ ಜೊತೆ ನುಂಗಿದ್ದಳು. ಏನೆಂದು ಹೇಳುವುದು? ಗಣಪತಿ ಬಿಟ್ಟ ರಾತ್ರಿ ನೆಲ ನಡುಗಿ ಉಮರ್ಗಾದ ಕಡೆಯ ಅವಳ ಊರು ಕಲ್ಲಿನ ರಾಶಿಯಾಗಿ, ಅಪ್ಪ ಅವ್ವ ಇಬ್ಬರೂ ಒಂದೇ ಗೋಡೆಯ ಕೆಳಗೆ ಹೋದಾಗ ಅವಳಿಗೆ ಒಂಬತ್ತು ವರ್ಷ. ಸಪ್ನಾ ಇನ್ನೂ ಹಾಲು ಕುಡಿಯುವ ಕೂಸು, ಅವ್ವನಿಗೆ ಮೈಯಲ್ಲಿ ನೆಟ್ಟಗಿಲ್ಲವೆಂದು ಆಯಿ ಅದನ್ನು ಉದಗೀರಕ್ಕೆ ಒಯ್ದಿದ್ದರಿಂದ ಉಳಿದಿತ್ತು. ಇಪ್ಪತ್ತರ ಹುಡುಗ ರೇವಣಪ್ಪ ಸುದ್ದಿ ಕೇಳಿ ಓಡಿಬಂದವನು ಉಗುರು ಕಿತ್ತುಹೋಗುವಂತೆ ಕಲ್ಲು ಎತ್ತಿ ಎತ್ತಿ ಹಾಕಿ ಅವಳನ್ನು ಹೊರಗೆ ತೆಗೆದಿದ್ದ, ಆ ಇಡೀ ದಿನ ಹೆಗಲಿನಿಂದ ಇಳಿಸಿರಲಿಲ್ಲ. ಅವನ ಅಂಗಿಯ ಬೆವರಿನ ವಾಸನೆ ಅವಳಿಗೆ ಇವತ್ತಿಗೂ ನೆನಪಿದೆ. ಅಂಥವನಿಗೆ, ಅಂಥ ಆಯಿಗೆ, ಪುಸ್ತಕದಲ್ಲಿ ಹೀಗಿದೆ ಎಂದು ಹೇಳುವ ಬಾಯಿ ಯಾರಿಗಿದೆ.

"ಅವ್ವಾ, ಕಾಲು ಜೋಮು ಹಿಡಿದದ," ಎಂದಳು ಶಿವಾನಿ. ಉಜ್ವಲಾ ಅವಳನ್ನು ಎತ್ತಿ ಇನ್ನೊಂದು ತೊಡೆಗೆ ಕೂರಿಸಿಕೊಂಡಳು. ಎತ್ತಲು ಬಲವೇ ಬೇಕಾಗಲಿಲ್ಲ. ಈ ಹಗುರ ಮೈಯನ್ನು ಹೀಗೆಯೇ ಎತ್ತಿ ಎತ್ತಿ ಎಕ್ಸ್‌ರೇಯ ಕತ್ತಲ ಕೋಣೆಯಲ್ಲಿ ಹಿಡಿದಿದ್ದಳು. ರೇವಣಪ್ಪ ಉದಗೀರದ ಒಂದು ಖಾಸಗಿ ದವಾಖಾನೆಯಲ್ಲಿ ಎಕ್ಸ್‌ರೇ ತೆಗೆಯುವವನು. ಕೂಸಿಗೆ ಕೆಮ್ಮು ಬಂದರೆ, ಜ್ವರ ಇಳಿಯದಿದ್ದರೆ, ಬೇರೆಯವರ ಹಾಗೆ ಸಾಲಿನಲ್ಲಿ ಕಾಯುವ ಕೆಲಸವಿರಲಿಲ್ಲ. ಮಧ್ಯಾಹ್ನ ಡಾಕ್ಟರು ಊಟಕ್ಕೆ ಹೋದಾಗ ಕರೆದುಕೊಂಡು ಬಾ ಎನ್ನುತ್ತಿದ್ದ. ಉಜ್ವಲಾಗೆ ಸೀಸದ ಏಪ್ರನ್ ತಾನೇ ತೊಡಿಸಿ ಹಿಂದೆ ಗಂಟು ಹಾಕುತ್ತಿದ್ದ. ಕೂಸಿನ ಎದೆಗೆ ಏನೂ ಇರಲಿಲ್ಲ, ಎದೆಯನ್ನೇ ಅಲ್ಲವೇ ತೆಗೆಯಬೇಕಾದದ್ದು. ಉಜ್ವಲಾ ಅದರ ಎರಡೂ ಕೈ ಮೇಲಕ್ಕೆ ಎತ್ತಿ ಹಿಡಿಯುತ್ತಿದ್ದಳು. ದೊಡ್ಡವಳಾದ ಮೇಲೆ ಶಿವಾನಿಯೇ ಸ್ಟೂಲಿನ ಮೇಲೆ ಹತ್ತಿ, ಗದ್ದ ಎತ್ತಿ, "ಉಸುರು ಹಿಡೀಲಾ ಬಾಬಾ?" ಎಂದು ಕೇಳುತ್ತಿದ್ದಳು. ರೇವಣಪ್ಪ ಆ ಮೇಲೆ ಹಾಳೆಯನ್ನು ಬೆಳಕಿಗೆ ಹಿಡಿದು ಪಕ್ಕೆಲುಬುಗಳನ್ನು ಎಣಿಸಿ ತೋರಿಸುತ್ತಿದ್ದ, ತನ್ನ ಕೆಲಸದಲ್ಲಿ ಇಷ್ಟು ಚಂದ ಇನ್ನಾರದೂ ಬಂದಿಲ್ಲ ಎನ್ನುತ್ತಿದ್ದ. ಅವನು ಮಗಳಿಗೆ ಕೊಡಬಲ್ಲದ್ದು ಅದೊಂದೇ ಆಗಿತ್ತು, ಕೈ ಬಿಗಿಹಿಡಿಯದೆ ಕೊಟ್ಟಿದ್ದ.

ಇವಳಿಗೆ ಎಕ್ಸ್‌ರೇ ಆಗಿದೆಯೇ ಎಂದು ಡಾಕ್ಟರಬಾಯಿ ಕೇಳಿದಳು. ಅಂಥ ಕಿರಣ ಹಾಯ್ದಲ್ಲಿ ಎಳೆ ತುಂಡಾಗುತ್ತದೆ, ನಿಮಗೆ ನನಗೆ ಅದು ಕೂಡಿಕೊಳ್ಳುತ್ತದೆ, ಇವಳಿಗೆ ಕಷ್ಟ. "ಒಂದೆರಡು," ಎಂದ ರೇವಣಪ್ಪ. ಉಜ್ವಲಾ ತನ್ನ ಕಾಲ ಬೆರಳಿನ ಉಂಗುರ ನೋಡುತ್ತಿದ್ದಳು. ಎದೆಯ ಎಕ್ಸ್‌ರೇ ಸಣ್ಣದು, ಅದರಿಂದ ಇಷ್ಟೇ ಕೆಟ್ಟಿತು ಎಂದು ಯಾರೂ ಹೇಳಲಾರರು, ಆದರೆ ಇನ್ನು ಮುಂದೆ ಅತಿ ಜರೂರು ಇಲ್ಲದೆ ಬೇಡ, ಮುಂದೆ ಯಾವತ್ತಾದರೂ ಕ್ಯಾನ್ಸರಿನಂಥದ್ದು ಬಂದು ಯಾರಾದರೂ ಕಿರಣದ ಚಿಕಿತ್ಸೆ ಕೊಡುತ್ತೇನೆಂದರೆ ಮೊದಲು ಇದನ್ನು ಹೇಳಬೇಕು, ಇಲ್ಲದಿದ್ದರೆ ಆ ಚಿಕಿತ್ಸೆಯೇ ಇವಳನ್ನು ಕೊಲ್ಲುತ್ತದೆ ಎಂದು ಆಕೆ ಹೇಳಿದಳು. ಹೊರಗೆ ಬಂದ ಮೇಲೆ ಅವನು ಒಂದು ಚಹಾದ ಅಂಗಡಿಯ ಗೋಡೆಗೆ ಹಣೆ ಹಚ್ಚಿ ನಿಂತ. "ನಾ ಬೇಕಂತ ಮಾಡೀನೇನು?" ಎಂದು ಗೋಡೆಗೆ ಕೇಳಿದ. ಅವನ ಬೆನ್ನ ಮೇಲೆ ಕೈ ಇಡಬೇಕಿತ್ತು. ಇಲ್ಲ ಎಂಬ ಒಂದು ಮಾತು ಸಾಕಿತ್ತು. ಅವಳು ಶಿವಾನಿಯ ಚಪ್ಪಲಿಯ ಪಟ್ಟಿ ಸರಿಪಡಿಸುತ್ತ ಬಗ್ಗಿಯೇ ಇದ್ದಳು. ಅವನು ಹಾಗೇ ನಿಲ್ಲಲಿ, ಇನ್ನೂ ಸ್ವಲ್ಪ ಹೊತ್ತು ನಿಲ್ಲಲಿ ಎಂದು ಅವಳೊಳಗೆ ಯಾವುದೋ ಬಯಸಿತು.

ಆ ಡಾಕ್ಟರಬಾಯಿಯೇ ಕೊನೆಯಲ್ಲಿ, ಇದು ತಾಯಿ ತಂದೆ ಇಬ್ಬರಿಂದಲೂ ಬಂದರೆ ಮಾತ್ರ ಆಗುವಂಥದ್ದು, ನೀವಿಬ್ಬರೂ ಒಂದೇ ಮನೆಯವರು, ಒಂದೇ ಬೇರಿನಿಂದ ಬಂದಿದೆ, ಮನೆಯಲ್ಲಿ ಮತ್ತೆ ಇಂಥ ಲಗ್ನವೇನಾದರೂ ಇದ್ದರೆ ಹುಡುಗ ಹುಡುಗಿಯ ರಕ್ತ ಪರೀಕ್ಷೆ ಮಾಡಿಸಿ ಎಂದಿದ್ದಳು. ಅದಾಗಿ ಎರಡು ತಿಂಗಳು. ಸಪ್ನಾ ಸೀರೆ ಆರಿಸುತ್ತಿದ್ದಳು, ಅಕ್ಕಾ ಇದು ಛಲೋ ಅದನೋ ಅದೋ ಎಂದು ಕೇಳುತ್ತಿದ್ದಳು. ಹೇಳಬೇಕೆಂದು ಉಜ್ವಲಾ ಬಾಯಿ ತೆರೆದಾಗಲೆಲ್ಲ ಬಣ್ಣದ ಮಾತು ಹೊರಗೆ ಬರುತ್ತಿತ್ತು. ರೇವಣಪ್ಪನ ಅಂಜಿಕೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಆದರೆ ಒಂದು ಮಧ್ಯಾಹ್ನ, ಅಂಗಳದಲ್ಲಿ ಶೇಂಗಾ ಸುಲಿಯುತ್ತ ಕೂತಾಗ, ಸಪ್ನಾಗೂ ಹೀಗೇ ಆದರೆ ತಾನೊಬ್ಬಳೇ ಅಲ್ಲವೆಂದಾಗುತ್ತದೆ ಎಂಬ ಯೋಚನೆ ಬಂದು ಪಕ್ಕದಲ್ಲಿ ಕೂತುಬಿಟ್ಟಿತ್ತು. ಅವಳು ಸಿಪ್ಪೆಯನ್ನೂ ಕಾಳನ್ನೂ ಅಲ್ಲೇ ಚೆಲ್ಲಿ ಎದ್ದು ಹೋಗಿದ್ದಳು.

ನಿಲಂಗಾದಲ್ಲಿ ಬಸ್ಸು ಬದಲಿಸಬೇಕಿತ್ತು. ಉಮರ್ಗಾದ ಬಸ್ಸು ಇನ್ನೂ ಪ್ಲಾಟ್‌ಫಾರ್ಮಿಗೆ ಹಚ್ಚಿರಲಿಲ್ಲ. ಸ್ಟ್ಯಾಂಡಿನ ಸಿಮೆಂಟಿನ ಬೆಂಚಿನ ಮೇಲೆ ಕೂತು ಶಿವಾನಿ ಬಿಸ್ಕೀಟು ತಿನ್ನುತ್ತಿದ್ದವಳು ಥಟ್ಟನೆ ಕೈ ಒಡ್ಡಿದಳು. ಅಂಗೈಯಲ್ಲಿ ರಕ್ತದ ಹನಿ, ಮತ್ತೊಂದು, ಮತ್ತೊಂದು. ಮೂಗಿನಿಂದ ಬರುತ್ತಿತ್ತು. ಅವಳಿಗೆ ಇದು ಹೊಸದಲ್ಲ, ಅತ್ತಳೂ ಇಲ್ಲ, ಹೊಸ ಫ್ರಾಕಿಗೆ ತಾಗಬಾರದೆಂದು ಮುಂದಕ್ಕೆ ಬಗ್ಗಿ ತಾನೇ ಮೂಗು ಹಿಡಿದಳು. ಉಜ್ವಲಾ ಸೆರಗು ಒದ್ದೆ ಮಾಡಿ ತಂದು ಒತ್ತಿ ಹಿಡಿದಳು. ಸುತ್ತ ನಾಲ್ಕು ಜನ ಕೂಡಿದರು, ಈರುಳ್ಳಿ ಮೂಸಿಸಿ ಎಂದರು, ತಲೆ ಹಿಂದಕ್ಕೆ ಹಾಕಿ ಎಂದರು, ಹೋದರು. ರಕ್ತ ನಿಲ್ಲಲು ಬಹಳ ಹೊತ್ತು ಹಿಡಿಯಿತು. ನಿಂತ ಮೇಲೆ ಹುಡುಗಿ ಬೆಂಚಿನ ಮೇಲೆ ಅಡ್ಡಾಗಿ ಆಯಿಯ ಚೀಲಕ್ಕೆ ತಲೆಕೊಟ್ಟು ನಿದ್ದೆಹೋದಳು. ಟೋಪಿ ಜಾರಿತ್ತು. ರಂಭಾಬಾಯಿ ಆ ಸಣ್ಣ ತಲೆಯ ಮೇಲೆ ಅಂಗೈ ಇಟ್ಟಳು, ಇಡೀ ತಲೆ ಅಂಗೈಯೊಳಗೇ ಬಂತು.

"ನನ್ನ ಎರಡು ಹೆಣ್ಣು ಕೂಸಿಗೂ ಹಿಂಗೇ ಇತ್ತು," ಎಂದಳು ಮುದುಕಿ, ಯಾರಿಗೆಂದಿಲ್ಲದೆ. "ನಿಮ್ಮವ್ವ ಸುಮನನ ಹಿಂದ ಹುಟ್ಟಿದ್ವು. ಇಷ್ಟಿಷ್ಟೇ ತಲಿ. ಒಂದು ವರ್ಷ ಕಾಣಲಿಲ್ಲ, ಒಂದು ನಡೀಲಿಕ್ಕಿ ಕಲತು ಹೋತು. ಮೂಗಿನ್ಯಾಗ ರಕ್ತ ಬರತಿತ್ತು. ದಿಟ್ಟಿ ಆಗ್ಯಾದ ಅಂದ್ರು, ಗಾಳಿ ಅಂದ್ರು. ನಮ್ಮ ಮನ್ಯಾಗ ಯಾರ ಮುಂದೂ ಆ ಮಾತು ತಗದಿಲ್ಲ."

ಆಯಿ ಕೂಡ ತನ್ನ ಸೋದರಮಾವನಿಗೇ ಕೊಟ್ಟ ಹೆಣ್ಣು. ಆ ಎರಡು ಕೂಸುಗಳ ಸುದ್ದಿ ಈ ಮನೆಯಲ್ಲಿ ಇಪ್ಪತ್ತನಾಲ್ಕು ವರ್ಷ ಬದುಕಿದ ಉಜ್ವಲಾಳ ಕಿವಿಗೆ ಒಮ್ಮೆಯೂ ಬಿದ್ದಿರಲಿಲ್ಲ. ಈಗ ಹೇಳದಿದ್ದರೆ ಉಮರ್ಗಾದಲ್ಲಿ ಬಾಯಿ ಇರುವುದಿಲ್ಲ. ಅವಳು ಹೇಳಿದಳು. ಲೈಗೇಸು, ಎಳೆ, ಎಲ್ಲ ಬಿಟ್ಟು, ಆಯಿಗೆ ತಿಳಿಯುವಷ್ಟು: ಮೈಯಲ್ಲಿ ಹರಿದದ್ದನ್ನು ಕೂಡಿಸುವ ಒಂದು ಗುಣ ಇರುತ್ತದೆ, ನಮ್ಮ ಮನೆಯವರಲ್ಲಿ ಅದು ಅರ್ಧ ಕೆಟ್ಟಿದೆ, ಅರ್ಧ ಕೆಟ್ಟವರಿಗೆ ಏನೂ ಆಗುವುದಿಲ್ಲ, ಕೆಟ್ಟ ಅರ್ಧ ಎರಡೂ ಒಂದು ಕೂಸಿನಲ್ಲಿ ಬಂದು ಸೇರಿದರೆ ಶಿವಾನಿಯಂತೆ ಆಗುತ್ತದೆ. "ಸಪ್ನಾನ್ನ ಧೀರಜಗ ಕೊಡಬ್ಯಾಡ ಆಯಿ. ಇಬ್ಬರದೂ ರಕ್ತ ನೋಡೋ ತನಕಾರ ಬ್ಯಾಡ."

ರಂಭಾಬಾಯಿ ಮಲಗಿದ್ದ ಹುಡುಗಿಯ ಟೋಪಿ ಸರಿಪಡಿಸಿದಳು. ಆ ಮೇಲೆ, "ನನ್ನ ಕಡಿಂದ ಬಂದದೇನು?" ಎಂದಳು.

"ಯಾರ ಕಡಿಂದ ಅಂತ ಹೇಳಲಿಕ್ಕಿ ಆಗಂಗಿಲ್ಲ ಆಯಿ."

"ನನ್ನ ಕಡಿಂದೇ." ಮುದುಕಿ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿನ್ನ ಹೊರಗ ಕೊಡಲಿಕ್ಕಿ ನನ್ನ ಜೀವ ಒಪ್ಪಲಿಲ್ಲವ್ವ. ನಿಮ್ಮವ್ವನ್ನ ಹೊರಗ ಕೊಟ್ಟಿದ್ದೆ, ಹೆಣ ನೋಡಲಿಕ್ಕಿ ಹೋಗಬೇಕಾತು. ನೀ ನನ್ನ ಕಣ್ಮುಂದ ಇರಲಿ, ನನ್ನ ಮನಿ ಗ್ವಾಡಿ ಗಟ್ಟಿ ಅದ ಅಂದಕೊಂಡೆ."

ಬಸ್ಸು ಹಚ್ಚಿದರು. ನಿಲಂಗಾದಿಂದ ಉಮರ್ಗಾದ ತನಕ ಆಯಿ ಕಣ್ಣು ಮುಚ್ಚಿ ಕೊರಳ ಲಿಂಗದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದು ಕೂತಳು. ಹೇಳಿದ್ದು ತಪ್ಪಾಯಿತೇ ಎಂದು ಉಜ್ವಲಾ ಆಕೆಯ ಮುಖವನ್ನು ಓರೆಯಾಗಿ ನೋಡುತ್ತ ಬಂದಳು. ಎಂಬತ್ತರ ಹತ್ತಿರದ ಜೀವದ ತಲೆಯ ಮೇಲೆ ಎರಡು ಸತ್ತ ಕೂಸುಗಳನ್ನು ಮತ್ತೆ ಹೊರಿಸಿ ತಾನು ಹಗುರಾದೆನೇ? ಹಗುರವೂ ಆಗಿರಲಿಲ್ಲ.

ಕಾಶೆಪ್ಪನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ಊದುಬತ್ತಿ ಹಚ್ಚಿ, ಜನ ಕೂಡಿದ್ದರು. ಓಣಿಯ ಹಿರಿಯರು, ದುಕಾನಿನ ಪೈಕಿ ನಾಲ್ಕು ಮಂದಿ, ಮಠದ ಅಯ್ಯನವರು. ಹೋಳಿಗೆಯ ವಾಸನೆ ಬೀದಿಯ ತನಕ ಬಂದಿತ್ತು. ಸಪ್ನಾ ಗುಲಾಬಿ ಸೀರೆ ಉಟ್ಟು ತಲೆ ಬಗ್ಗಿಸಿ ಮಣೆಯ ಮೇಲೆ ಕೂತಿದ್ದಳು. ಅಕ್ಕ ಒಳಗೆ ಬಂದದ್ದನ್ನು ನೋಡಿ ಕಣ್ಣಿನಲ್ಲೇ ನಕ್ಕಳು. ಆ ಗುಲಾಬಿ ಬಣ್ಣ ಉಜ್ವಲಾಳೇ ಆರಿಸಿದ್ದು. ರೇವಣಪ್ಪ ಕಂಬಕ್ಕೆ ಆತು ನಿಂತವನು ಹೆಂಡತಿಯ ಮುಖ ನೋಡಿದ, ತನ್ನ ಅವ್ವನ ಮುಖ ನೋಡಿದ, ಕಂಬ ಬಿಟ್ಟು ನೆಟ್ಟಗಾದ. ಕಾಶೆಪ್ಪನ ಹೆಂಡತಿ ಕುಸುಮಬಾಯಿ ಕುಂಕುಮದ ಬಟ್ಟಲು ಎತ್ತಿಕೊಂಡು ಹುಡುಗಿಯ ಮುಂದೆ ಕೂತಳು.

"ತಡೀ ಕುಸುಮ," ಎಂದಳು ರಂಭಾಬಾಯಿ. ಆಕೆ ಇನ್ನೂ ಬಾಗಿಲಲ್ಲೇ ನಿಂತಿದ್ದಳು, ಕಾಲಿಗೆ ನೀರು ಕೂಡ ಹಾಕಿಕೊಂಡಿರಲಿಲ್ಲ. "ಈ ಸಂಬಂಧ ಬ್ಯಾಡ."

ಯಾರೋ ನಕ್ಕರು, ಮುದುಕಿ ಚೇಷ್ಟೆ ಮಾಡುತ್ತಿದ್ದಾಳೆ ಎಂದು. ಕಾಶೆಪ್ಪ ಎದ್ದು ಬಂದ. "ಅವ್ವಾ, ಏನಂತಿ? ನೀನೇ ಜೋಡಿಸಿದ ಸಂಬಂಧ."

"ಬ್ಯಾಡ ಅಂದೆ."

"ಬ್ಯಾಡ ಅಂದ್ರ ಯಾಕಂತ ಹೇಳಬೇಕಲ್ಲ? ನಾಲ್ಕ ಮಂದಿ ಕುಂತಾರ."

ಮುದುಕಿಯ ಕಣ್ಣು ಪಡಸಾಲೆಯಲ್ಲಿ ಅಲೆಯಿತು. ಅಯ್ಯನವರ ಮೇಲೆ, ಮಣೆಯ ಮೇಲಿನ ಸಪ್ನಾಳ ಮೇಲೆ, ಉಜ್ವಲಾಳ ಹೆಗಲ ಮೇಲೆ ಅರ್ಧ ಎಚ್ಚರವಾಗಿ ತೂಗುತ್ತಿದ್ದ ಶಿವಾನಿಯ ಮೇಲೆ. ಆಕೆ ಹುಡುಕುತ್ತಿರುವುದು ಏನೆಂದು ಉಜ್ವಲಾಗೆ ತಿಳಿಯಿತು. ತಿಳಿದ ಗಳಿಗೆಗೇ ಆ ಕಣ್ಣು ಬಂದು ತನ್ನ ಮೇಲೆ ನಿಂತಿತು.

"ಉಜ್ವಲಾನ ಮನಸಿನ್ಯಾಗಿಲ್ಲ," ಎಂದಳು ರಂಭಾಬಾಯಿ. "ತಾಯಿಲ್ಲದ ಪೋರಿಗೆ ಅಕ್ಕನೇ ತಾಯಿ. ಆಕಿ ಒಲ್ಲೆ ಅಂದ ಮ್ಯಾಲ ನಾ ಹ್ಯಾಂಗ ಕೊಡಲಿ?"

ಪಡಸಾಲೆಯ ಎಲ್ಲ ಮುಖಗಳೂ ತಿರುಗಿದವು. ಧೀರಜ ಒಳಬಾಗಿಲಿನಿಂದ ಒಂದು ಹೆಜ್ಜೆ ಮುಂದೆ ಬಂದು, "ವೈನಿ, ನಾ ಏನ ಮಾಡೀನಿ?" ಎಂದ, ಅವನಿಗೆ ಅವಳು ಅತ್ತೆಯ ಮಗಳೋ ಕಾಕಾನ ಹೆಂಡತಿಯೋ ಎಂದು ಯಾವತ್ತೂ ಬಗೆಹರಿದಿರಲಿಲ್ಲ, ಬಾಯಿಗೆ ಬಂದದ್ದು ಕರೆಯುತ್ತಿದ್ದ. ಕುಸುಮಬಾಯಿಯ ಕೈಯಲ್ಲಿ ಬಟ್ಟಲು ನಿಂತೇ ಇತ್ತು. "ತನ್ನ ಹೊಟ್ಟ್ಯಾಗಿಂದು ಹಿಂಗ ಹುಟ್ಟ್ಯಾದಂತ ತಂಗಿ ಬಾಳ್ವಿ ಕಂಡ್ರ ಆಗಂಗಿಲ್ಲ," ಎಂದು ಹಿಂದಿನ ಸಾಲಿನಲ್ಲಿ ಒಬ್ಬ ಹೆಂಗಸು ಹೇಳಿದಳು, ಮೆಲ್ಲಗೆ ಹೇಳಿದ್ದರೂ ಎಲ್ಲರಿಗೂ ಕೇಳಿತು. ಈಗ ಬಾಯಿ ತೆರೆದರೆ ಸಾಕು. ನಿಜ ಹೇಳಿದರೆ ಇಷ್ಟು ಜನರ ಕಣ್ಣು ತನ್ನಿಂದ ಎದ್ದು ಸಪ್ನಾಳ ಮೇಲೆ ಹೋಗಿ ಕೂಡುತ್ತದೆ, ನಾಳೆ ಉಮರ್ಗಾ, ನಿಲಂಗಾ, ಉದಗೀರ, ಎಲ್ಲಿ ಹೋದರೂ ಆ ಹುಡುಗಿಯ ಹಿಂದೆ ಹೋಗುತ್ತದೆ. ರೇವಣಪ್ಪನ ತುಟಿ ಬೆಳ್ಳಗಾಗಿತ್ತು. ಸಪ್ನಾ ಮಾತ್ರ ತಲೆ ಎತ್ತಿ, "ಅಕ್ಕಾ?" ಎಂದಳು.

"ಹೌದು," ಎಂದಳು ಉಜ್ವಲಾ. "ನನಗ ಮನಸಿಲ್ಲ."

ಅದು ಅವಳ ದನಿಯಂತೆ ಕೇಳಲಿಲ್ಲ. ಈ ಮನೆತನದಲ್ಲಿ ಒಲ್ಲೆ ಎಂದು ಅವಳು ಆಡಿದ ಮೊದಲ ಮಾತು ಇದು, ಅದೂ ಇನ್ನೊಬ್ಬರ ಲಗ್ನಕ್ಕೆ. ಜನ ಒಬ್ಬೊಬ್ಬರಾಗಿ ಎದ್ದರು. ಅಯ್ಯನವರು ಯಾರಿಗೂ ಏನೂ ಹೇಳದೆ ಚಪ್ಪಲಿ ಮೆಟ್ಟಿದರು. ಧೀರಜ ಗಾಡಿ ಚಾಲೂ ಮಾಡಿ ಹೋದ ಸದ್ದು ಓಣಿಯ ತಿರುವಿನ ತನಕ ಕೇಳಿತು. ಕುಸುಮಬಾಯಿ ಸಕ್ಕರೆಯ ಪೊಟ್ಟಣಗಳನ್ನು ಸೆರಗಿಗೆ ತುಂಬಿಕೊಂಡು ಒಳಗೆ ಹೋದಳು.

ಹಿತ್ತಿಲಲ್ಲಿ ಸಪ್ನಾ ನೀರಿನ ಟಾಕಿಗೆ ಬೆನ್ನು ಹಚ್ಚಿ ನಿಂತಿದ್ದಳು. ಉಜ್ವಲಾ ಶಿವಾನಿಯನ್ನು ಹೆಗಲಲ್ಲಿ ಹೊತ್ತೇ ಅವಳ ಮುಂದೆ ನಿಂತು, ಈ ಸಲ ಏನನ್ನೂ ಬಿಡದೆ ಹೇಳಿದಳು, ಹೈದರಾಬಾದು, ಎಳೆ, ನಾಲ್ಕನೆಯ ಲೈಗೇಸು, ಆಯಿಯ ಎರಡು ಕೂಸು. ಸಪ್ನಾ ಅಳುತ್ತಾಳೆ, ಬೈಯುತ್ತಾಳೆ, ಸುಳ್ಳು ಎನ್ನುತ್ತಾಳೆ ಎಂದುಕೊಂಡಿದ್ದಳು. ಸಪ್ನಾ ಕೇಳಿದ್ದು ಒಂದೇ:

"ನಿನಗ ಯಾವಾಗ ಗೊತ್ತಾತು?"

"ಎರಡು ತಿಂಗಳಾತು."

"ನಾ ಸೀರಿ ಆರಸೂ ಮುಂದ ನಿನಗ ಗೊತ್ತಿತ್ತು." ಅವಳು ತನ್ನ ಸೆರಗಿನ ಅಂಚನ್ನು ನೋಡಿಕೊಂಡಳು. "ನೀ ನನಗ ಗುಲಾಬಿ ಒಪ್ಪತದ ಅಂದಿ."

ಉಜ್ವಲಾ ಏನೋ ಹೇಳಲು ಹೋದಳು. ಅಂಜಿಕೆಯ ಮಾತು, ರೇವಣಪ್ಪನ ಮಾತು. ಅಂಗಳದ ಶೇಂಗಾದ ರಾಶಿ ನೆನಪಾಗಿ ಬಾಯಿ ಅಲ್ಲಿಗೇ ನಿಂತಿತು.

"ನಾ ರಕ್ತ ಕೊಡತೀನಿ," ಎಂದಳು ಸಪ್ನಾ. "ನನ್ನ ಮೈಯಾಗ ಇಲ್ಲ ಅಂತ ಬಂದ್ರ? ಆಗ ನೀ ಇದೇ ಮನಿಗಿ ಬಂದು, ಇದೇ ಮಂದಿ ಮುಂದ ನಿಂತು ಎಲ್ಲಾ ಹೇಳತೀಯೇನು?"

ಇಲ್ಲ ಎಂದು ಬರಬಹುದು. ಉಜ್ವಲಾ ಎರಡು ತಿಂಗಳಲ್ಲಿ ಒಮ್ಮೆಯೂ ಅದನ್ನು ಯೋಚಿಸಿರಲಿಲ್ಲ. ಇದೆ ಎಂದೇ ಹಿಡಿದುಬಿಟ್ಟಿದ್ದಳು. "ಹೇಳತೀನಿ," ಎಂದಳು. ಹಿತ್ತಿಲ ಬಾಗಿಲಲ್ಲಿ ರೇವಣಪ್ಪ ನಿಂತಿದ್ದ. ಎಷ್ಟು ಹೊತ್ತಿನಿಂದಲೋ. ಅವನು, "ಜೀಪು ಬಂದದ," ಎಂದ.

ಕೊಡಲು ತಂದಿದ್ದ ಹಣ್ಣಿನ ಬುಟ್ಟಿ, ಬಟ್ಟೆಯ ಡಬ್ಬಿ, ಹಿತ್ತಾಳೆಯ ತಟ್ಟೆ ಎಲ್ಲವನ್ನೂ ಕುಸುಮಬಾಯಿ ಒಂದೂ ಇಟ್ಟುಕೊಳ್ಳದೆ ಜೀಪಿನಲ್ಲಿ ಹಾಕಿಸಿದ್ದಳು. ಹಿಂದಿನ ಸೀಟಿನಲ್ಲಿ ಆಯಿ, ಉಜ್ವಲಾ, ಸಪ್ನಾ ಸಾಮಾನಿನ ನಡುವೆ ಸಿಕ್ಕಿಕೊಂಡಂತೆ ಕೂತರು. ಮುಂದೆ ಡ್ರೈವರನ ಪಕ್ಕ ರೇವಣಪ್ಪ, ಅವನ ತೊಡೆಯ ಮೇಲೆ ಶಿವಾನಿ. ಸಪ್ನಾ ಅಕ್ಕನಿಗೆ ತಾಗಬಾರದೆಂದು ಮೈ ಹಿಡಿದುಕೊಂಡಿದ್ದಳು, ಆದರೆ ಸರಿಯಲು ಜಾಗವಿರಲಿಲ್ಲ. ರಸ್ತೆಯ ಒಂದೊಂದು ಕುಣಿಗೂ ಇಬ್ಬರ ತೋಳು ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದವು. ಹೊತ್ತು ಮುಳುಗುತ್ತಿತ್ತು. ಆಯಿ ಕಣ್ಣು ಮುಚ್ಚಿದ್ದಳು, ನಿದ್ದೆಯಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

"ಯಾವ ದವಾಖಾನಿ ಅದು?" ಎಂದಳು ಸಪ್ನಾ, ಹೊರಗೆ ನೋಡುತ್ತ.

"ನಾ ಕರಕೊಂಡ ಹೋಗ್ತೀನಿ," ಎಂದ ರೇವಣಪ್ಪ, ತಿರುಗದೆ. "ಸೋಮವಾರ ಹೋಗೂಣು."

ಜೀಪು ಸ್ವಲ್ಪ ದೂರ ಹೋದ ಮೇಲೆ ಶಿವಾನಿ ಅಪ್ಪನ ಹೆಗಲ ಮೇಲಿಂದ ಹಿಂದಕ್ಕೆ ಬಗ್ಗಿದಳು. ಮೂಗಿನ ಕೆಳಗೆ ಒಣಗಿದ ರಕ್ತದ ಸಣ್ಣ ಗೆರೆ ಉಳಿದಿತ್ತು. "ಮೌಶಿ, ಅದ ಅಂತ ಬಂದ್ರ ನೀನೂ ನನ್ನಂಗ ಆಗತೀಯೇನು?"

"ಇಲ್ಲವ್ವಾ," ಎಂದಳು ಸಪ್ನಾ. ಬೆಳಗಿನಿಂದ ಅಲುಗದ ಅವಳ ದನಿ ಈಗ ಅಲುಗಿತು. "ನನಗೇನೂ ಆಗಂಗಿಲ್ಲ. ನನಗ ಮುಂದ ಹುಟ್ಟೂ ಕೂಸು—" ಅಷ್ಟಕ್ಕೇ ನಿಲ್ಲಿಸಿದಳು. ಅವಳ ಕೈ ಉಜ್ವಲಾಳ ಮಣಿಕಟ್ಟನ್ನು ಹಿಡಿದಿತ್ತು, ಅದು ಅವಳಿಗೇ ಗೊತ್ತಿರಲಿಲ್ಲ. ಡ್ರೈವರ ಗೇರು ಬದಲಿಸಿದ. ಶಿವಾನಿ ಮೌಶಿಯ ಮುಖವನ್ನು, ಅವ್ವನ ಮುಖವನ್ನು, ಕಣ್ಣು ಮುಚ್ಚಿದ ಆಯಿಯ ಮುಖವನ್ನು ಒಂದೊಂದಾಗಿ ನೋಡಿದಳು.

"ತಿಳೀತು," ಎಂದು ಹೇಳಿ, ರಸ್ತೆಯ ಕಡೆ ತಿರುಗಿ ಕೂತಳು.